ದೊಡ್ಡಪ್ಪನ ಅಟ್ಟ

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಮದ್ದೂರಿನಿಂದ ಒಳಗೆ, ನಾಲೆಯ ಕೊನೆ ಭಾಗದ ಊರು ನಮ್ಮದು. ಹಳೇ ಮನೆಯ ಹೆಂಚು ಇಳಿಸಿ ಶೀಟು ಹಾಕಿಸಬೇಕು ಅಂತ ದೊಡ್ಡಪ್ಪನ ಮಗ, ನನ್ನ ತಮ್ಮ, ಮೇಸ್ತ್ರಿಗೆ ಹೇಳಿಬಿಟ್ಟಿದ್ದ. ಅದಕ್ಕೆ ಮುಂಚೆ ಅಟ್ಟ ಖಾಲಿ ಆಗಬೇಕು. "ನಿಮ್ ದೊಡ್ಡಪ್ಪನ್ ಸಾಮಾನೆಲ್ಲ ಅಲ್ಲೇ ಬಿದ್ದದೆ. ನೀನೇ ಬಂದು ನೋಡ್ಲಾ, ನಮ್ಗೇನ್ ಗೊತ್ತಾದದು" ಅಂತ ದೊಡ್ಡವ್ವ ಫೋನಿನಲ್ಲಿ ಹೇಳಿದಳು. ಶನಿವಾರ ಬೆಳಿಗ್ಗೆ ಮೈಸೂರಿನಿಂದ ಹೊರಟೆ.

ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು. ಊರಿನವರು ಅವರ ಬೆನ್ನ ಹಿಂದೆ ‘ಸ್ಯಾಂಪಲ್ ಯಜಮಾನ್ರು’ ಅನ್ನುತ್ತಿದ್ದರು. ಯಾವ ಹೊಸ ವಸ್ತು ಬಂದರೂ ಮೊದಲು ತರುವವರು ಅವರೇ. ಅದು ಕೆಟ್ಟು ಕೂತ ಮೇಲೆ ಉಳಿದವರು, "ಸದ್ಯ, ನಾವು ತಗೊಳ್ಳಿಲ್ಲ" ಅಂತ ನೆಮ್ಮದಿಯಾಗಿ ಬೀಡಿ ಹಚ್ಚುತ್ತಿದ್ದರು. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋದವರೆಲ್ಲ ಡೆಲ್ಲಿ ಹಪ್ಪಳ ತಿಂದು ಬಳೆ ಕೊಂಡು ಬಂದರೆ, ಇವರು ಯಾವುದೋ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿಳಿಯುತ್ತಿದ್ದರು. ಕಂಡಕ್ಟರ್ ಅದಕ್ಕೂ ಲಗೇಜ್ ಚಾರ್ಜು ಹಾಕಿರುತ್ತಿದ್ದ.

ಅಟ್ಟ ಹತ್ತಿದೆ. ಅರ್ಧ ಗೇಣು ಧೂಳು. ತಾತನ ಕಾಲದ ವಾಲ್ವ್ ರೇಡಿಯೋ ಪೆಟ್ಟಿಗೆ, ಒಳಗೆ ಇಲಿಗೂಡು. ಎರಡು ಲಾಟೀನು. ಮೂಲೆಯಲ್ಲಿ ಹೆಬ್ಬಾವಿನ ಹಾಗೆ ಸುತ್ತಿಕೊಂಡು ಕೂತಿದ್ದ ಕಪ್ಪು ಪೈಪಿನ ಐದು ಸುರುಳಿ.

ಈ ಪೈಪಿನ ಕಥೆ ನನಗೆ ಚೆನ್ನಾಗಿ ಗೊತ್ತು. ತೊಂಬತ್ತರ ದಶಕದ ಕೊನೆ. ನಾನಾಗ ಮೈಸೂರಿನಲ್ಲಿ ಓದುತ್ತಿದ್ದೆ. ಸಬ್ಸಿಡಿ ಸಿಗುತ್ತದೆ ಅಂತ ದೊಡ್ಡಪ್ಪ ಅರ್ಧ ಎಕರೆ ಕಬ್ಬಿಗೆ ಹನಿ ನೀರಾವರಿ ಹಾಕಿಸಿದರು. ಊರಿಗೆಲ್ಲ ಅದೊಂದು ತಮಾಷೆ. "ನಾಲೇಲಿ ಎದೆಮಟ್ಟ ನೀರು ಹರೀತಾ ಅದೆ. ಈವಯ್ಯ ನೋಡ್ಲಾ, ತೊಟ್ಟಿಕ್ಸ್ತಾ ಕೂತವ್ನೆ" ಅಂತ ಅರಳಿಕಟ್ಟೆಯಲ್ಲಿ ನಕ್ಕರು. ನಕ್ಕವರದೂ ತಪ್ಪಲ್ಲ. ಕೊನೆ ಭಾಗವಾದರೂ ಆಗ ಸರದಿಯ ಪ್ರಕಾರ ನೀರು ಬರುತ್ತಿತ್ತು. ಮಡವೆ ತಿರುಗಿಸಿದರೆ ಗದ್ದೆ ತುಂಬುತ್ತಿತ್ತು. ಅಷ್ಟು ಸಲೀಸಾದ ಕೆಲಸಕ್ಕೆ ಪೈಪು, ಫಿಲ್ಟರು, ಮೋಟಾರು ಯಾಕೆ?

ಆದರೂ ದೊಡ್ಡಪ್ಪ ಬಿಡಲಿಲ್ಲ. ಬೋರ್ ನೀರನ್ನು ಪೈಪಿಗೆ ಬಿಟ್ಟರು. ಕರೆಂಟು ರಾತ್ರಿ ಹೊತ್ತು ಬರುತ್ತಿತ್ತು, ಅದೂ ಲೋ ವೋಲ್ಟೇಜು. ಎರಡು ಸಲ ಮೋಟಾರಿನ ಕಾಯಿಲ್ ಸುಟ್ಟಿತು. ನೀರಿನಲ್ಲಿದ್ದ ಸುಣ್ಣ ತೂತುಗಳನ್ನು ಮುಚ್ಚಿತು. ಇಲಿಗಳು ಪೈಪು ಕಡಿದವು. ಇದೆಲ್ಲಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಆಗ ಕಬ್ಬು ಹಾಕುತ್ತಿದ್ದುದು ಎರಡೂವರೆ, ಮೂರು ಅಡಿ ಸಾಲಿನಲ್ಲಿ. ಅಷ್ಟು ಇಕ್ಕಟ್ಟಿನ ಸಾಲಿಗೆಲ್ಲ ಪೈಪು ಎಳೆಯಬೇಕು. ಮಣ್ಣು ಏರಿಸುವ ದಿನ ಅಷ್ಟನ್ನೂ ಸುತ್ತಿ ಬದುವಿನ ಮೇಲಿಡಬೇಕು, ಮತ್ತೆ ಬಿಚ್ಚಿ ಹಾಸಬೇಕು. ಆಳುಗಳು ಗುದ್ದಲಿಯಲ್ಲಿ ನಾಲ್ಕು ಕಡೆ ಕತ್ತರಿಸಿದರು. ಕೂಲಿ ಕಡಿಮೆ ಇದ್ದ ಕಾಲ ಅದು. ನೀರು ಹಾಯಿಸಲು ಒಬ್ಬ ಆಳು ಇಟ್ಟುಕೊಳ್ಳುವುದಕ್ಕಿಂತ ಪೈಪು ಕಾಯುವುದಕ್ಕೇ ಜಾಸ್ತಿ ಖರ್ಚಾಯಿತು. ಒಂದು ಬೆಳೆ ಮುಗಿಯಿತು. ಪೈಪು ಅಟ್ಟ ಸೇರಿತು.

ಈಗ ತಮ್ಮನ ಗದ್ದೆ ನೋಡಿ. ಎರಡು ಎಕರೆಗೂ ಹನಿ ನೀರಾವರಿಯೇ. ಅದೇ ಕಪ್ಪು ಪ್ಲಾಸ್ಟಿಕ್ಕು, ಅದೇ ತೂತು, ಅದೇ ಹನಿ. ಊರಿನಲ್ಲಿ ಈಗ ಯಾರೂ ನಗುವುದಿಲ್ಲ. ಅರ್ಧ ಊರೇ ಹಾಕಿಸಿದೆ.

ಏನಾಯ್ತು ಹಾಗಾದರೆ? ಪೈಪು ಸುಧಾರಿಸಿತು ಅನ್ನಬಹುದು, ಸ್ವಲ್ಪ ಸುಧಾರಿಸಿದ್ದೂ ನಿಜ. ಆದರೆ ತಮ್ಮನನ್ನು ಕೇಳಿದರೆ ಅವನು ಪೈಪಿನ ಮಾತೇ ಎತ್ತುವುದಿಲ್ಲ. ಆಳು ಸಿಗಲ್ಲ ಅಣ್ಣ ಅನ್ನುತ್ತಾನೆ. ಹುಡುಗರೆಲ್ಲ ಬೆಂಗಳೂರು ದಾರಿ ಹಿಡಿದಿದ್ದಾರೆ, ಹೆಂಗಸರು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಗುದ್ದಲಿ ಹಿಡಿಯುವವರಿಲ್ಲ ಅಂತ ಮಿನಿ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಓಡಾಡಬೇಕು ಅಂತ ಕಬ್ಬಿನ ಸಾಲು ಐದು ಅಡಿಗೆ ಅಗಲವಾಯಿತು. ಸಾಲು ಅಗಲವಾದ ಮೇಲೆ ಪೈಪು ಅರ್ಧ ಸಾಕಾಯಿತು. ನೀರಿನಲ್ಲಿ ಕರಗುವ ಗೊಬ್ಬರ ಅಂಗಡಿಗೆ ಬಂತು, ಅದನ್ನು ಪೈಪಿನಲ್ಲೇ ಬಿಡಬಹುದು. ಮೊಬೈಲ್ ಸ್ಟಾರ್ಟರ್ ಬಂತು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ಮಲಗಿದ ಕಡೆಯಿಂದಲೇ ಫೋನು ಮಾಡಿ ಮೋಟಾರು ಹಾಕಬಹುದು. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವ ಈ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಕೊನೆಗೆ ನೀರು. ಮಂಡ್ಯದ ಮಕ್ಕಳಿಗೆ ಮಗ್ಗಿ ಬರದಿದ್ದರೂ 124.80 ಅಡಿ ಅಂದರೆ ಏನು ಅಂತ ಗೊತ್ತಿರುತ್ತದೆ. ಕನ್ನಂಬಾಡಿ ಕಟ್ಟೆ ತುಂಬುವ ಗುರುತು ಅದು. 2023ರಲ್ಲಿ ಕಟ್ಟೆ ತುಂಬಲಿಲ್ಲ. ಅವತ್ತು ಹನಿಗೆ ಬೆಲೆ ಬಂತು.

ಅಂದರೆ ದೊಡ್ಡಪ್ಪನ ಪೈಪಿಗೆ ಬೇಕಿದ್ದ ಅಕ್ಕಪಕ್ಕದವರು ಆಗ ಇನ್ನೂ ಹುಟ್ಟಿರಲಿಲ್ಲ.

ಹನಿ ನೀರಾವರಿ ಹುಟ್ಟಿದ ಕಥೆಯೂ ಹೀಗೇ ಕಾದ ಕಥೆ. ಸಿಮ್ಖಾ ಬ್ಲಾಸ್ ಅನ್ನುವ ಇಂಜಿನಿಯರು ಈಗಿನ ಇಸ್ರೇಲಿನ ಜಾಗದಲ್ಲಿ, 1930ರ ದಶಕದಲ್ಲಿ ಒಂದು ಮರ ನೋಡಿದರಂತೆ. ಸುತ್ತಲಿನ ಮರಗಳಿಗಿಂತ ಅದು ಎದ್ದು ಕಾಣುವ ಹಾಗೆ ಬೆಳೆದಿತ್ತು. ಬುಡದಲ್ಲಿ ಪೈಪೊಂದು ಸೋರುತ್ತಿತ್ತು. ಅಲ್ಲಿಗೆ ವಿಚಾರ ಹೊಳೆಯಿತು. ಆದರೆ ಕಬ್ಬಿಣದ ಪೈಪನ್ನು ಹೊಲದ ತುಂಬ ಹಾಸಿ ಸಣ್ಣ ತೂತು ಹಾಕುತ್ತಾ ಕೂರಲು ಯಾರಿಗಾಗುತ್ತದೆ? ಎರಡನೇ ಮಹಾಯುದ್ಧ ಮುಗಿದು ಅಗ್ಗದ ಪ್ಲಾಸ್ಟಿಕ್ ಬರುವವರೆಗೆ ಆ ವಿಚಾರವೂ ಒಂದು ಅಟ್ಟದ ಮೇಲೇ ಇತ್ತು. ಅದು ಕಾರ್ಖಾನೆಯಲ್ಲಿ ತಯಾರಾಗಲು ಶುರುವಾದದ್ದು 1965ರ ಸುಮಾರಿಗೆ.

ನಾನು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸ ಮಾಡುವವನು. ಮೋಟಾರು, ಪ್ಯಾನೆಲ್ಲು, ಬೇರಿಂಗು ನನ್ನ ಪಾಡು. ಹಾಗಾಗಿ ಇಂಥ ಕಥೆ ಬಂದರೆ ನನ್ನ ತಲೆ ಕರೆಂಟಿನ ಕಡೆಗೇ ಓಡುತ್ತದೆ. ಕರೆಂಟು ಅಂದರೆ ಶಿವನಸಮುದ್ರ.

ಶಾಲೆಯಲ್ಲಿದ್ದಾಗ ಟೂರು ಅಂದರೆ ನಮಗೆ ಅದೊಂದೇ. "ಏಷ್ಯಾದಲ್ಲೇ ಮೊದಲ ವಿದ್ಯುತ್ ಕೇಂದ್ರ ಕಣ್ರೋ" ಅಂತ ಮೇಷ್ಟ್ರು ಎದೆ ಉಬ್ಬಿಸಿ ಹೇಳುತ್ತಿದ್ದರು. ಅದು ಸರಿಯಲ್ಲ ಅಂತ ಆಮೇಲೆ ತಿಳಿಯಿತು. ಡಾರ್ಜಿಲಿಂಗ್ ಹತ್ತಿರ 1897ರಲ್ಲೇ ನೀರಿನಿಂದ ಕರೆಂಟು ಮಾಡಿದ್ದರು. ಮೇಷ್ಟ್ರು ಹೆಮ್ಮೆಪಡಬೇಕಾದದ್ದು ಬೇರೆ ವಿಷಯಕ್ಕೆ, ಅದು ದೂರ. ನ್ಯೂಯಾರ್ಕಿನಲ್ಲಿ 1882ರಲ್ಲಿ ಎಡಿಸನ್ ಶುರು ಮಾಡಿದ ಕೇಂದ್ರದಿಂದ ಕರೆಂಟು ಒಂದು ಮೈಲಿಯ ಆಚೆ ಹೋಗುವುದೇ ಕಷ್ಟವಿತ್ತು. 1896ರಲ್ಲಿ ನಯಾಗರಾದಿಂದ ಬಫಲೋ ಊರಿಗೆ ಸುಮಾರು 26 ಮೈಲಿ ಕಳಿಸಿದ್ದೇ ಜಗತ್ತಿಗೆಲ್ಲ ಸುದ್ದಿ. ಅದಾದ ಆರೇ ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಜೋಲಿ ದೆ ಲೋಟ್ಬಿನಿಯೇರ್ ಅನ್ನುವ ಇಂಜಿನಿಯರು ಹಾಕಿದ ಯೋಜನೆ ಅದು.

ಸರಿ, ಅಷ್ಟು ದೂರ ಯಾಕೆ? ಮಳವಳ್ಳಿ ಪಕ್ಕದಲ್ಲೇ ಇರಲಿಲ್ಲವೇ? ಮಂಡ್ಯ, ಮೈಸೂರು ಇರಲಿಲ್ಲವೇ?

ಊರುಗಳು ಇದ್ದವು, ಕರೆಂಟಿಗೆ ಕೆಲಸ ಇರಲಿಲ್ಲ. ಮಳವಳ್ಳಿಯವರು 1902ರಲ್ಲಿ ಕರೆಂಟು ತಗೊಂಡು ಏನು ಮಾಡಬೇಕಿತ್ತು? ಬಲ್ಬು ಇಲ್ಲ, ಮೋಟಾರು ಇಲ್ಲ, ದುಡ್ಡೂ ಇಲ್ಲ. ಗಣಿಯವರಿಗೆ ಮಾತ್ರ ಹಗಲೂ ರಾತ್ರಿ ಶಕ್ತಿ ಬೇಕಿತ್ತು. ಸೌದೆ, ಕಲ್ಲಿದ್ದಲು ಸುಟ್ಟು ಉಗಿಯಂತ್ರ ಓಡಿಸಿ ಅವರಿಗೆ ಸಾಕಾಗಿತ್ತು. ಒಬ್ಬನೇ ಗಿರಾಕಿ, ಆದರೆ ದೊಡ್ಡ ಗಿರಾಕಿ. ಅವನಿಗೋಸ್ಕರ ಜಲಪಾತಕ್ಕೆ ಟರ್ಬೈನು ಕಟ್ಟಿದರು. ಅಲ್ಲಿ ಮಿಕ್ಕಿದ್ದು 1905ರಲ್ಲಿ ಬೆಂಗಳೂರಿಗೆ ಬಂತು, 1908ರಲ್ಲಿ ಮೈಸೂರಿಗೆ. ನಮ್ಮೂರಿಗೆ ಬಂದದ್ದು ನಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗ, ಅರವತ್ತರ ದಶಕದಲ್ಲಿ. ದೀಪದ ಬುಡದಲ್ಲಿ ಕತ್ತಲು ಅನ್ನುವ ಗಾದೆಗೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಾಳೆ. ನೀರು ಕಡಿಮೆಯಾದರೆ ಕರೆಂಟು ಕಡಿಮೆ, ಗಣಿಗೆ ತೊಂದರೆ. ಹಾಗಾದರೆ ಮಳೆಗಾಲದ ನೀರನ್ನು ಮೇಲೆಯೇ ಹಿಡಿದಿಟ್ಟುಕೊಳ್ಳಬೇಕು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ವಿಚಾರಕ್ಕೆ ಈ ಗಣಿಯ ಕರೆಂಟೂ ಒಂದು ದೊಡ್ಡ ಕಾರಣ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರ್ ಆಗಿದ್ದಾಗ, 1911ರಲ್ಲಿ, ಕೆಲಸ ಶುರುವಾಯಿತು. ಮದ್ರಾಸಿನವರ ತಕರಾರು, ದುಡ್ಡಿನ ತಾಪತ್ರಯ, 1924ರ ಒಪ್ಪಂದ. ಎಲ್ಲ ಮುಗಿಯುವಾಗ ಸುಮಾರು ಇಪ್ಪತ್ತು ವರ್ಷವಾಗಿತ್ತು. ಕಟ್ಟೆ ಬಂದ ಮೇಲೆ ನಾಲೆ. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿ ಮಂಡ್ಯದ ಕಡೆಗೆ ನೀರು ತಿರುಗಿಸಿದರು. ಆಗ ಅದು ವೈಸ್‌ರಾಯ್ ಹೆಸರಿನ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯನವರ ಹೆಸರಿನ ನಮ್ಮ ವಿ.ಸಿ. ನಾಲೆ.

ನೀರು ಬಂತು ಅಂತ ದುಡ್ಡು ಬಂತೇ? ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲಕ್ಕೆ ನೀರು ಬಂದರೆ ಭತ್ತ ಬೆಳೆಯಬಹುದು, ಕಬ್ಬು ಬೆಳೆಯಬಹುದು. ಕಬ್ಬು ಬೆಳೆದು ಎಷ್ಟು ಆಲೆಮನೆ ನಡೆಸುತ್ತೀರಿ? ಆಗ ಅಗ್ಗದ ಜಾವಾ ಸಕ್ಕರೆ ದೇಶದ ತುಂಬ ಇತ್ತು, ಅದರ ಮುಂದೆ ನಮ್ಮದು ನಿಲ್ಲುತ್ತಿರಲಿಲ್ಲ. ಸರಿಯಾಗಿ 1932ರಲ್ಲಿ ಭಾರತ ಸರ್ಕಾರ ದೇಶದ ಸಕ್ಕರೆಗೆ ರಕ್ಷಣೆ ಕೊಡುವ ಕಾನೂನು ಮಾಡಿ ಹೊರಗಿನ ಸಕ್ಕರೆಗೆ ಸುಂಕ ಹಾಕಿತು. ಮರುವರ್ಷವೇ ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಹಿಂದೆ ನಿಂತು ಮಾಡಿಸಿದ ಕೆಲಸ ಅದು. ಮಂಡ್ಯದವರು ಇವತ್ತಿಗೂ ಅವರ ಹೆಸರು ಮರೆತಿಲ್ಲ. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೂ ಆಯಿತು.

ಎಲ್ಲಿಯ ಕೋಲಾರದ ಚಿನ್ನ, ಎಲ್ಲಿಯ ಮಂಡ್ಯದ ಸಕ್ಕರೆ. ಗಣಿಗೆ ಅಂತ ಕರೆಂಟು, ಕರೆಂಟಿಗೆ ಅಂತ ಕಟ್ಟೆ, ಕಟ್ಟೆ ಇದೆ ಅಂತ ನಾಲೆ, ನಾಲೆ ಇದೆ ಅಂತ ಕಬ್ಬು, ಕಬ್ಬಿಗೆ ಅಂತ ಕಾರ್ಖಾನೆ. ನಡುವೆ ಯಾವುದೋ ಕಡಲಾಚೆಯ ಸಕ್ಕರೆ ಮೇಲಿನ ಸುಂಕ. ಇದರಲ್ಲಿ ಒಂದು ಕೊಂಡಿ ಹತ್ತು ವರ್ಷ ತಡವಾಗಿದ್ದರೂ ನಮ್ಮ ತಾತ ಹುರುಳಿ ಬಿತ್ತುತ್ತಲೇ ಇರುತ್ತಿದ್ದರೇನೋ. ಆ ಚಿನ್ನದ ಗಣಿ 2001ರಲ್ಲಿ ಮುಚ್ಚಿಹೋಯಿತು. ಶಿವನಸಮುದ್ರ ಇನ್ನೂ ಕರೆಂಟು ಕೊಡುತ್ತಿದೆ. ಮೊದಲ ಗಿರಾಕಿ ಹೋದ, ಅಂಗಡಿ ಉಳಿಯಿತು.

ಮೋಟಾರಿನ ಮಾತು ಬಂದ ಮೇಲೆ ಇನ್ನೊಂದು ಹೇಳದೆ ಇರಲಾರೆ. ಚಿಕ್ಕವನಿದ್ದಾಗ ಮದ್ದೂರಿನ ಹತ್ತಿರದ ಒಂದು ಮಿಲ್ಲಿಗೆ ರಾಗಿ ಬೀಸಿಸಲು ಹೋಗುತ್ತಿದ್ದೆ. ಒಂದೇ ಮೋಟಾರು. ಮೇಲೆ ಸೂರಿನ ಉದ್ದಕ್ಕೂ ಒಂದು ಕಬ್ಬಿಣದ ದಂಡ. ದಂಡದಿಂದ ಇಳಿಬಿದ್ದ ಬೆಲ್ಟುಗಳು, ಒಂದು ರಾಗಿ ಕಲ್ಲಿಗೆ, ಒಂದು ಅಕ್ಕಿ ಮಿಷನ್ನಿಗೆ, ಒಂದು ಖಾರದ ಪುಡಿಗೆ. ಒಂದು ಬೆಲ್ಟು ಜಾರಿದರೆ ಎಲ್ಲವನ್ನೂ ನಿಲ್ಲಿಸಬೇಕು. ನಮ್ಮ ರಾಗಿ ಹಿಟ್ಟಿನಲ್ಲಿ ಯಾವಾಗಲೂ ಸ್ವಲ್ಪ ಮೆಣಸಿನಕಾಯಿ ಘಾಟು. ಅವ್ವ ಬಯ್ಯುತ್ತಿದ್ದಳು, ಮಿಲ್ಲಿನವನನ್ನಲ್ಲ, ನನ್ನನ್ನು.

ಆ ದಂಡ ಎಲ್ಲಿಂದ ಬಂತು ಅಂತ ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಅದು ಉಗಿಯಂತ್ರದ ಕಾಲದ ವಿನ್ಯಾಸ. ಉಗಿಯಂತ್ರ ದೊಡ್ಡದು, ಒಂದೇ ಇರುತ್ತದೆ. ಅದರ ಶಕ್ತಿಯನ್ನು ದಂಡ, ಬೆಲ್ಟು ಹಾಕಿ ಹಂಚಬೇಕು. ಅಮೆರಿಕದ ಕಾರ್ಖಾನೆಗಳಿಗೆ ಕರೆಂಟ್ ಮೋಟಾರು ಬಂದಾಗ ಮಾಲೀಕರು ಏನು ಮಾಡಿದರು ಗೊತ್ತೇ? ಉಗಿಯಂತ್ರ ಎತ್ತಿ ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರು ಇಟ್ಟರು. ದಂಡ ಹಾಗೇ, ಬೆಲ್ಟೂ ಹಾಗೇ. ಲಾಭ ಅಷ್ಟಕ್ಕಷ್ಟೇ. ಎಡಿಸನ್ ಕರೆಂಟು ಮಾರಲು ಶುರು ಮಾಡಿ ಹದಿನೆಂಟು ವರ್ಷವಾಗಿದ್ದರೂ, 1900ರಲ್ಲಿ ಅಲ್ಲಿನ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ಮೋಟಾರಿನ ಪಾಲು ನೂರಕ್ಕೆ ಐದರಷ್ಟು ಇದ್ದರೆ ಹೆಚ್ಚು. ಒಂದೊಂದು ಯಂತ್ರಕ್ಕೂ ಒಂದೊಂದು ಸಣ್ಣ ಮೋಟಾರು ಕೊಡಬಹುದು, ಹಾಗೆ ಕೊಟ್ಟರೆ ದಂಡವೇ ಬೇಡ, ದಂಡ ಬೇಡವಾದರೆ ಮೂರು ಮಹಡಿ ಕಟ್ಟಡವೂ ಬೇಡ, ಕೆಲಸ ಸಾಗುವ ಸಾಲಿನಲ್ಲಿ ಯಂತ್ರ ಜೋಡಿಸಬಹುದು. ಇಷ್ಟು ಹೊಳೆದು, ಹಳೇ ಕಟ್ಟಡ ಸವೆದು, ಹೊಸದು ಕಟ್ಟಿ ಮುಗಿಸುವಾಗ 1920ರ ದಶಕ ಬಂದಿತ್ತು. ಮೋಟಾರು ಬೇಗ ಬಂತು, ಗೋಡೆಗಳು ತಡ ಮಾಡಿದವು.

ಕೆಲವು ಸಲ ಬರಬೇಕಾದ ನೆಂಟ ಯಂತ್ರವೇ ಆಗಿರುವುದಿಲ್ಲ, ಒಂದು ಕಾಗದ ಆಗಿರುತ್ತದೆ. ಪಹಣಿ ನೆನಪಿಸಿಕೊಳ್ಳಿ. ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದಾಗ ಸರ್ಕಾರ ಮಾಡಿದ ಜಾಣ ಕೆಲಸ ಅಂದರೆ, ಕೈಬರಹದ ಪಹಣಿಗೆ ಇನ್ನು ಮೇಲೆ ಬೆಲೆಯಿಲ್ಲ ಅಂದದ್ದು. ಅದಿಲ್ಲದಿದ್ದರೆ ಕಂಪ್ಯೂಟರ್ ಒಂದು ಕಡೆ ಬಟ್ಟೆ ಹೊದ್ದು ಕೂತಿರುತ್ತಿತ್ತು, ಕಟ್ಟು ಬಿಚ್ಚಿ ಬರೆಯುವವರು ಇನ್ನೊಂದು ಕಡೆ ಬರೆಯುತ್ತಲೇ ಇರುತ್ತಿದ್ದರು. ದೊಡ್ಡಪ್ಪ ಮೊದಲ ಸಲ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ತಂದ ದಿನ ಅದನ್ನು ಲಗ್ನಪತ್ರಿಕೆಯ ಹಾಗೆ ನಾಲ್ಕು ಮನೆಗೆ ತೋರಿಸಿ ಬಂದಿದ್ದರು.

ವಾಲ್ವ್ ರೇಡಿಯೋದ ಪೆಟ್ಟಿಗೆ ಕೆಳಗಿಳಿಸುವಾಗ ತಮ್ಮ, "ಇದು ಯಾವತ್ತಾದ್ರೂ ಹಾಡಿತ್ತಾ ಅಣ್ಣ?" ಅಂದ. ಹಾಡಿತ್ತಂತೆ, ಬ್ಯಾಟರಿ ಇರುವವರೆಗೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರು ಮಾಡಿದ್ದರು. ಆದರೆ ಕರೆಂಟಿಲ್ಲದ ಹಳ್ಳಿಗೆ ಅದು ಆಕಾಶದಲ್ಲೇ ಉಳಿದ ವಾಣಿ. ಟಾರ್ಚಿನ ಸೆಲ್ಲಿನಲ್ಲಿ ಓಡುವ ಟ್ರಾನ್ಸಿಸ್ಟರ್ ಬಂದ ಮೇಲೆ ತಾನೇ ರೈತರಿಗೆ ಅಂತ ಬರುತ್ತಿದ್ದ ಕೃಷಿರಂಗ ಕಾರ್ಯಕ್ರಮ ಗದ್ದೆಬದುವಿಗೆ ಬಂದದ್ದು.

ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿತು. ತಮ್ಮನೂ ನಾನೂ ಬೈಕಿನಲ್ಲಿ ರಸ್ತೆಗೆ ಹೋಗಿ ಎಳನೀರು ಕುಡಿದೆವು. ಗಾಡಿಯ ಕಂಬಕ್ಕೆ ಕ್ಯೂಆರ್ ಸ್ಟಿಕ್ಕರು, ಪಕ್ಕದಲ್ಲಿ ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿ. ನಾನು ಸ್ಕ್ಯಾನ್ ಮಾಡಿದೆ. ಡಬ್ಬಿ ಕನ್ನಡದಲ್ಲಿ ಮೊತ್ತ ಹೇಳಿತು. ಎಳನೀರಿನವನು ತಲೆ ಕೂಡ ಎತ್ತಲಿಲ್ಲ, ಮುಂದಿನ ಕಾಯಿಗೆ ಮಚ್ಚು ಹಾಕಿದ.

ಈ ಚೌಕದ ಚಿತ್ರ ಹುಟ್ಟಿದ್ದು 1994ರಲ್ಲಿ, ಜಪಾನಿನಲ್ಲಿ. ಕಾರಿನ ಬಿಡಿಭಾಗ ಮಾಡುವ ಡೆನ್ಸೋ ಬಳಗದ ಮಸಾಹಿರೋ ಹಾರಾ ಮತ್ತು ಅವರ ಜೊತೆಯವರು ಮಾಡಿದ್ದು. ಬಾರ್‌ಕೋಡಿನಲ್ಲಿ ಇಪ್ಪತ್ತು ಅಕ್ಷರ ಹಿಡಿಸುವುದೇ ಕಷ್ಟ. ಇದರಲ್ಲಿ ಏಳು ಸಾವಿರ ಅಂಕಿ ಹಿಡಿಸಬಹುದು. ಯಾವ ಕಡೆಯಿಂದ ಹಿಡಿದರೂ ಓದಬಹುದು, ಸ್ವಲ್ಪ ಹರಿದರೂ, ಮಸಿ ಹತ್ತಿದರೂ ಓದಬಹುದು. ಕಾರ್ಖಾನೆಯಲ್ಲಿ ಎಣ್ಣೆಕೈ ಸಹಜ ಅಲ್ವಾ, ಅದಕ್ಕೇ ಆ ಗುಣ ಕೊಟ್ಟರು. ಅದೇ ಗುಣ ಇವತ್ತು ಎಳನೀರು ಗಾಡಿಯಲ್ಲಿ ಬಿಸಿಲು ಮಳೆ ತಿಂದ ಸ್ಟಿಕ್ಕರನ್ನು ಕಾಪಾಡುತ್ತಿದೆ. ಪೇಟೆಂಟ್ ಇದ್ದರೂ ಕಂಪನಿ ಯಾರನ್ನೂ ದುಡ್ಡು ಕೇಳಲಿಲ್ಲ.

ಸುಮಾರು ಹದಿಮೂರು ಹದಿನಾಲ್ಕು ವರ್ಷದ ಹಿಂದೆ ಪೇಪರಿನ ಜಾಹೀರಾತಿನ ಮೂಲೆಯಲ್ಲಿ ಇದು ಬರುತ್ತಿತ್ತು. ಯಾರೂ ಕೇರ್ ಮಾಡುತ್ತಿರಲಿಲ್ಲ. ನಾನೊಮ್ಮೆ ಪ್ರಯತ್ನಪಟ್ಟೆ. ಅದನ್ನು ಓದಲು ಬೇರೆ ಆ್ಯಪ್ ಬೇಕು. ಆ್ಯಪ್ ಇಳಿಸಲು ನೆಟ್ಟು ಬೇಕು. ನೆಟ್ಟಿಗೆ ದುಡ್ಡು ಬೇಕು. ಎಲ್ಲ ಆಗಿ ತೆರೆದರೆ ಅದೇ ಜಾಹೀರಾತು ಇನ್ನೊಂದು ಸಲ. "ಈ ಕಪ್ಪು ಬಿಳಿ ರಂಗೋಲಿ ಯಾವನಿಗೆ ಬೇಕು" ಅಂತ ಆಫೀಸಿನಲ್ಲಿ ಭಾಷಣವನ್ನೇ ಬಿಗಿದಿದ್ದೆ. ಸ್ಯಾಂಪಲ್ ಯಜಮಾನ್ರ ಮೇಲೆ ನಕ್ಕ ಅರಳಿಕಟ್ಟೆಯವರಿಗೂ ನನಗೂ ಏನೂ ವ್ಯತ್ಯಾಸ ಇರಲಿಲ್ಲ.

ಆಮೇಲೆ ಒಂದೊಂದೇ ನೆಂಟರು ಬಂದರು. 2014ರಿಂದ ಜನಧನ್ ಖಾತೆ. 2016ರ ಏಪ್ರಿಲ್‌ನಲ್ಲಿ ಯುಪಿಐ. ಅದೇ ಸೆಪ್ಟೆಂಬರ್‌ನಲ್ಲಿ ಡೇಟಾ ನೀರಿನ ಬೆಲೆಗೆ ಇಳಿಯಿತು. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಕಾರ್ಡು ಉಜ್ಜುವ ಮಿಷನ್ನು ಇಡಲು ಎಳನೀರಿನವನಿಗೆ ಆಗುತ್ತಿರಲಿಲ್ಲ. ಒಂದು ಕಾಗದ ಅಂಟಿಸಲು ಏನು ಕಷ್ಟ? ಅಷ್ಟಾದರೂ ಒಂದು ಕೊರತೆ ಇತ್ತು. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವ ಹೆಂಗಸೊಬ್ಬರು ನನಗೆ ಆಗ ಹೇಳಿದ್ದರು: "ದುಡ್ಡು ಬಂತೋ ಇಲ್ವೋ ಅಂತ ಮೊಳ ಹಾಕೋದು ಬಿಟ್ಟು ಫೋನ್ ನೋಡ್ತಾ ಕೂರ್ಲಾ ಸ್ವಾಮಿ? ಕೆಲವರು ನಿನ್ನೇದು ಪಟ ತೋರ್ಸಿ ಹೊಂಟೋಯ್ತಾರೆ." ಕೈ ಬಿಡುವಿಲ್ಲದವರಿಗೆ ಕಣ್ಣಿನ ಸಾಕ್ಷಿ ಸಾಲದು, ಕಿವಿಗೆ ಕೇಳಬೇಕು. ಕೂಗುವ ಡಬ್ಬಿ ಬಂದ ಮೇಲೆ ಆ ಸಾಲಿನವರೆಲ್ಲ ಸ್ಟಿಕ್ಕರು ಅಂಟಿಸಿದರು. ಮೊಬೈಲು, ಬ್ಯಾಂಕು, ನೆಟ್ಟು ಇಷ್ಟೆಲ್ಲ ಇದ್ದೂ ಕೊನೆಗೆ ಬೇಕಾದದ್ದು ಒಂದು ಸ್ಪೀಕರು!

ಸುತ್ತಲಿನದು ಬದಲಾದರೆ ಬಂದದ್ದು ವಾಪಸ್ಸೂ ಹೋಗುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಸ್ಟಿಕ್ಕರು ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬರೆದರು. ಸ್ಟಿಕ್ಕರು ಕೆಟ್ಟಿರಲಿಲ್ಲ. ಭಯ ಬಂದಿತ್ತು ಅಷ್ಟೇ.

ಹಾಗಂತ ಕಾದರೆ ಎಲ್ಲಕ್ಕೂ ಕಾಲ ಬರುತ್ತದೆ ಅಂತ ನಾನು ನಂಬುವುದಿಲ್ಲ. ಅದಕ್ಕೆ ಸಾಕ್ಷಿ ದೊಡ್ಡಪ್ಪನ ಸೋಲಾರ್ ಕುಕ್ಕರ್. ಎಂಬತ್ತರ ದಶಕದಲ್ಲಿ ತಂದದ್ದು. ಸೂಟ್‌ಕೇಸಿನ ಹಾಗಿನ ಪೆಟ್ಟಿಗೆ, ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಮುಚ್ಚಳದಲ್ಲಿ ಕನ್ನಡಿ. ಬಿಸಿಲಿಗಿಟ್ಟರೆ ಎರಡು ಮೂರು ಗಂಟೆಯಲ್ಲಿ ಬೇಳೆ ಬೇಯುತ್ತದೆ. ಮಂಡ್ಯದಲ್ಲಿ ಬಿಸಿಲಿಗೆ ಬರವೇ? ಆದರೆ ನಮ್ಮಲ್ಲಿ ಹಿಟ್ಟು ಉಣ್ಣುತ್ತಾರೆ. ಮುದ್ದೆಗೆ ಎಸರು ಕುದಿಯಬೇಕು, ಉರಿಯ ಮೇಲೇ ಕೋಲು ಹಾಕಿ ತೊಳಸಬೇಕು. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ತೊಳಸುವುದು ಹೇಗೆ? ಅಡುಗೆ ಆಗುವುದೂ ಬೆಳಿಗ್ಗೆ ಸೂರ್ಯ ಏಳುವ ಮುಂಚೆ, ಸಂಜೆ ಮುಳುಗಿದ ಮೇಲೆ. "ಸೂರಪ್ಪನ್ ಕಾಯ್ಕಂಡ್ ಕೂತ್ರೆ ದನ ನೋಡೋರ್ ಯಾರು" ಅಂದು ದೊಡ್ಡವ್ವ ಒಂದು ವಾರಕ್ಕೇ ಅದನ್ನು ಕೊಟ್ಟಿಗೆಗೆ ಸಾಗಿಸಿದ್ದಳು. ಆಮೇಲೆ ಗ್ಯಾಸು ಬಂತು. ಆ ಕುಕ್ಕರಿಗೆ ಬೇಕಿದ್ದ ನೆಂಟರು ಬರಲಿಲ್ಲ, ಬಂದವರೆಲ್ಲ ಎದುರು ಪಾರ್ಟಿ.

ನೀವು ಮೊದಲೇ ಹೇಳಬಲ್ಲಿರಾ, ಯಾವುದು ಪೈಪು, ಯಾವುದು ಸೋಲಾರ್ ಕುಕ್ಕರ್ ಅಂತ? ನನಗಂತೂ ಆಗುವುದಿಲ್ಲ. ಕಾರ್ಖಾನೆಯಲ್ಲಿ ಈಗ ಎಲ್ಲರ ಬಾಯಲ್ಲೂ ಎಐ. ಬೇರಿಂಗು ಯಾವಾಗ ಹೋಗುತ್ತದೆ ಅಂತ ಮೊದಲೇ ಹೇಳುತ್ತದಂತೆ. ಹೇಳಲಿ, ಸಂತೋಷ. ನಮ್ಮ ಲಾಗ್‌ಬುಕ್ಕಿನಲ್ಲಿ ಹತ್ತು ವರ್ಷದಿಂದ ‘ಚೆಕ್ ಮಾಡಲಾಗಿದೆ, ಓಕೆ’ ಅಂತ ಒಂದೇ ಸಾಲು ಬರೆದಿದ್ದೇವೆ. ಅದನ್ನು ಓದಿ ಪಾಪ ಅದು ತಾನೇ ಏನು ಹೇಳೀತು? ಕಡಲೆ ಬಂದಿದೆ, ಹಲ್ಲು ಇನ್ನೂ ಬಂದಿಲ್ಲ. ಮೀಟಿಂಗಿನಲ್ಲಿ ಇದನ್ನು ಹೇಳಿದ್ದಕ್ಕೆ ನನ್ನನ್ನು ಹಳೇ ಕಾಲದವನು ಅಂದರು. ಹೋಗಲಿ ಬಿಡಿ. ಹೊಸದು ಬಂದಾಗ ನಾನು ಈಗ ನಗುವುದನ್ನು ಕಡಿಮೆ ಮಾಡಿದ್ದೇನೆ. ಅದರ ಪಕ್ಕದಲ್ಲಿ ಇನ್ನೂ ಯಾರು ಬಂದಿಲ್ಲ ಅಂತ ನೋಡುತ್ತೇನೆ.

ಸಂಜೆ ಗುಜರಿಯವನು ಆಟೋ ತಂದ. ಪೈಪು ಮುಟ್ಟಿ ನೋಡಿದೆ. ಅಟ್ಟದ ಕಾವಿಗೆ ಒಣಗಿ ಬಗ್ಗಿಸಿದರೆ ಚಟಚಟ ಮುರಿಯುತ್ತಿತ್ತು. ಇಷ್ಟು ವರ್ಷ ಕಾದ ಪೈಪು, ಅದರ ಕಾಲ ಬಂದಾಗ ತಾನೇ ಕೆಲಸಕ್ಕೆ ಬಾರದೆ ಹೋಗಿತ್ತು. ಗುಜರಿಯವನು ತಕ್ಕಡಿಗೆ ನೇತುಹಾಕಿ ತೂಗಿದ. "ನಂಬರ್ ಹೇಳವ್ವ, ಹಾಕ್ಬುಡ್ತೀನಿ" ಅಂತ ಫೋನು ತೆಗೆದ. ದೊಡ್ಡವ್ವ ಕೈ ಚಾಚಿ, "ನೋಟೇ ಕೊಡಪ್ಪ" ಅಂದಳು. ಕೊಟ್ಟ. ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು.

ರೇಡಿಯೋ, ಲಾಟೀನು ಎಲ್ಲ ಆಟೋ ಹತ್ತಿದವು. ಅವನು ಕೊಟ್ಟಿಗೆಗೆ ಇಣುಕಿ ಆ ಸೂಟ್‌ಕೇಸಿನಂಥ ಪೆಟ್ಟಿಗೆಗೆ ಕೈ ಹಾಕಲು ಹೋದ. ಗಾಜು ಎಂದೋ ಒಡೆದಿತ್ತು, ಒಳಗೆ ಹುಲ್ಲು ತುಂಬಿತ್ತು. ದೊಡ್ಡವ್ವ ಜಗಲಿಯಿಂದಲೇ ಕೂಗಿದಳು:

"ಏಯ್, ಅದ್ನ ಮುಟ್ಬ್ಯಾಡ! ಕೋಳಿ ಕಾವ್ಗೆ ಕೂತದೆ. ಇನ್ನೂ ಒಂಬತ್ತು ದಿನ ಅದೆ."